ಟವೆಲ್ಲಿನ ಕೆಳಗಿನ ಫೋನು

ಅಂಬಣ್ಣನಿಗೆ ಫೋನಿನಲ್ಲಿ ಏನಾದರೂ ಹುಡುಕುವುದಿದ್ದರೆ ಮೊದಲು ಹೆಗಲ ಮೇಲಿನ ಟವೆಲ್ ತೆಗೆದು ಫೋನನ್ನೂ ಕೈಯನ್ನೂ ಸೇರಿಸಿ ಮುಚ್ಚುತ್ತಿದ್ದ. ಆಮೇಲೆ ತಲೆಯನ್ನೂ ಅದರೊಳಗೆ ತೂರಿಸುತ್ತಿದ್ದ. ದೂರದಿಂದ ನೋಡಿದವರಿಗೆ ನೆಗಡಿಯಾದವನು ಬಿಸಿನೀರಿನ ಹಬೆ ತೆಗೆದುಕೊಳ್ಳುತ್ತಿದ್ದಾನೆ ಅನ್ನಿಸುತ್ತಿತ್ತು. ಹೆಂಡತಿ ರೇಣಮ್ಮ ಮೊದಲ ಸಲ ಅದನ್ನು ಕಂಡಾಗ ಏನೂ ಕೇಳದೆ ಒಳಗೆ ಹೋಗಿ ನೀಲಗಿರಿ ಎಣ್ಣೆಯ ಶೀಶೆ ತಂದು ಪಕ್ಕದಲ್ಲಿಟ್ಟು ಹೋಗಿದ್ದಳು.

ನಗುವವರು ನಗಲಿ. ನಮ್ಮ ನಿಮ್ಮ ಪಾಲಿಗೆ ಟವೆಲ್ ಅಂದರೆ ಬೆವರು ಒರೆಸುವ ಬಟ್ಟೆ. ರಂಗಂಪೇಟೆಯ ಅಂಬಣ್ಣನಿಗೆ ಅದು ಕಸುಬು, ಮರ್ಯಾದೆ ಎರಡೂ. ಅವನು ಕುರಿ ದಲಾಲ. ಅವನ ವ್ಯಾಪಾರದಲ್ಲಿ ಕುರಿಯ ಬೆಲೆಯನ್ನು ಬಾಯಿಬಿಟ್ಟು ಆಡುವುದು ಮನುಷ್ಯರ ಲಕ್ಷಣವಲ್ಲ. ಮಾರುವವರ ಕಡೆಯ ದಲಾಲ, ಕೊಳ್ಳುವವರ ಕಡೆಯ ದಲಾಲ ಇಬ್ಬರೂ ಎದುರುಬದುರು ನಿಂತು ಕೈಗೆ ಕೈ ಕೊಟ್ಟು, ಮೇಲೆ ಟವೆಲ್ ಹಾಕುತ್ತಾರೆ. ಮಾತುಕತೆಯೆಲ್ಲ ಅದರ ಕೆಳಗೆ, ಬೆರಳುಗಳಲ್ಲಿ. ಬೆರಳನ್ನು ಪೂರ್ತಿ ಹಿಡಿದರೆ ಒಂದು ಅರ್ಥ, ಅರ್ಧ ಹಿಡಿದರೆ ಇನ್ನೊಂದು. ಕಿರುಬೆರಳಿನ ಗೆಣ್ಣು ಒತ್ತಿದರೆ ‘ಇನ್ನೂ ಐನೂರು ಇಳಿಸು’ ಎಂದು. ಬಾಯಿ ಮಾತ್ರ ಆ ಹೊತ್ತಿನಲ್ಲಿ ಬೇರೆ ಏನೋ ಆಡುತ್ತಿರುತ್ತದೆ: ಮಳಿ ಹ್ಯಾಂಗದ, ಮಗಳ ಬಾಣಂತನ ಮುಗೀತೇನು, ನಿಮ್ಮೂರ ಬಸ್ಸು ಇನ್ನೂ ಕೆಟ್ಟೇ ನಿಂತದೇನು. ಕೊನೆಗೆ ಒಬ್ಬ ತಲೆಯಾಡಿಸಿದರೆ ಮುಗಿಯಿತು. ಟವೆಲ್ಲಿನ ಕೆಳಗೆ ಒಪ್ಪಿದ್ದನ್ನು ಟವೆಲ್ ತೆಗೆದ ಮೇಲೆ ಒಲ್ಲೆ ಅನ್ನುವಂತಿಲ್ಲ. ಅಂದವನು ಮುಂದಿನ ಸಂತೆಗೆ ಕುರಿಗಳ ಕಡೆ ಬರುವಂತಿಲ್ಲ, ಬೇಕಾದರೆ ಉಳ್ಳಾಗಡ್ಡಿ ಕೊಳ್ಳಲು ಬರಬಹುದು.

ಈ ವಿದ್ಯೆಯನ್ನು ಅಂಬಣ್ಣ ಹದಿನೆಂಟು ವರ್ಷದವನಿದ್ದಾಗ ಅಪ್ಪನ ಕೈಯಿಂದ ಕಲಿತ. ನಿಜಕ್ಕೂ ಕೈಯಿಂದಲೇ. ಈಗ ಐವತ್ತಾರು. ಇಷ್ಟು ವರ್ಷದಲ್ಲಿ ಒಂದು ಮನೆಯ ಕುರಿ ಎಷ್ಟಕ್ಕೆ ಹೋಯಿತು ಎಂದು ಇನ್ನೊಂದು ಮನೆಗೆ ಅವನಿಂದ ಗೊತ್ತಾದದ್ದಿಲ್ಲ. ಒಮ್ಮೆ ತನ್ನ ಮನೆಯದೇ ಟಗರು ಮಾರಿ ಬಂದಾಗ ರೇಣಮ್ಮ ಎಷ್ಟಕ್ಕೆ ಹೋಯಿತು ಎಂದು ಕೇಳಿದಳು.

“ಟವೆಲ್ ಕೆಳಗಿಂದು ಕೇಳಬ್ಯಾಡ,” ಅಂದ ಅಂಬಣ್ಣ.

ರಾತ್ರಿ ಉಣ್ಣಲು ಕೂತು ಪಲ್ಯ ಏನು ಮಾಡಿದ್ದೀ ಎಂದಾಗ ರೇಣಮ್ಮ ತಾಟಿನ ಮೇಲೆ ಸೆರಗು ಮುಚ್ಚಿದಳು. “ಕೈ ಹಾಕಿ ನೋಡ್ರಿ.”

ಅಂಬಣ್ಣ ಕೈ ಹಾಕಿ ನೋಡಿದ. ಪುಂಡಿಪಲ್ಯ. ಬೆಲೆಯನ್ನು ಮಾತ್ರ ಇವತ್ತಿನವರೆಗೂ ಹೇಳಿಲ್ಲ.

ಟವೆಲ್ಲಿನ ಇನ್ನೊಂದು ಬದಿಯಲ್ಲಿ ಇಪ್ಪತ್ತಾರು ವರ್ಷದಿಂದ ಇದ್ದ ಕೈ ವೆಂಕಪ್ಪನದು. ವೆಂಕಪ್ಪ ಹೈದರಾಬಾದಿನ ವ್ಯಾಪಾರಿಗಳ ಪರವಾಗಿ ಕೊಳ್ಳುವ ದಲಾಲ. ಅಂಬಣ್ಣ ಕುರಿ ಸಾಕುವವರ ಪರವಾಗಿ ಮಾರುವವನು. ಕೆಲಸದಿಂದ ಎದುರಾಳಿಗಳು. ಆದರೆ ವಾರಕ್ಕೆ ಎರಡು ಸಂತೆ, ಸಂತೆಗೆ ಹತ್ತಿಪ್ಪತ್ತು ಸಲ ಕೈಹಿಡಿದವರು ಎಷ್ಟು ದಿನ ಎದುರಾಳಿಗಳಾಗಿ ಇರಲು ಸಾಧ್ಯ? ರೇಣಮ್ಮನ ಕೈಯನ್ನು ಅಂಬಣ್ಣ ಮದುವೆಯ ದಿನ ಒಮ್ಮೆ ಹಿಡಿದದ್ದು, ಆಮೇಲೆ ಬಳೆ ಇಡಿಸುವಾಗ ಬಳೆಗಾರನೇ ಹಿಡಿದದ್ದು ಹೆಚ್ಚು. ವೆಂಕಪ್ಪನ ಕೈಯ ಒಂದೊಂದು ಗೆರೆಯೂ ಅವನಿಗೆ ಗೊತ್ತಿತ್ತು. ವೆಂಕಪ್ಪನ ತಾಯಿ ತೀರಿಕೊಂಡ ವಾರ ಟವೆಲ್ಲಿನ ಕೆಳಗೆ ಆ ಕೈ ತಣ್ಣಗೆ ಬೆವರಿದ್ದನ್ನು ಹಿಡಿದುಕೊಂಡೇ ಅಂಬಣ್ಣ, ‘ಇವತ್ತ ವ್ಯಾಪಾರ ಬ್ಯಾಡ ನಡಿ, ಚಹಾ ಕುಡಿಯೋಣು’ ಅಂದಿದ್ದ.

ಕಳೆದ ವರ್ಷ ಬೇಸಿಗೆಯಲ್ಲಿ ಅಂಥದೇ ಒಂದು ಚಹಾದ ಹೊತ್ತಿನಲ್ಲಿ ಅಂಬಣ್ಣನ ಬಲಗೈಯ ಬೆರಳು ಕೈಕೊಟ್ಟವು. ಗಾಜಿನ ಲೋಟ ಕುದಿಯುತ್ತಿತ್ತು. ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರೂ ಸುಡುತ್ತದೆ ಅಂದವು. ಕಿರುಬೆರಳೂ ಉಂಗುರಬೆರಳೂ ಏನೂ ಅನ್ನಲಿಲ್ಲ. ಅವು ಲೋಟಕ್ಕೆ ಅಂಟಿಕೊಂಡೇ ಇದ್ದವು, ಪರರ ಮನೆಯ ಬೆರಳುಗಳ ಹಾಗೆ. ಅಂಬಣ್ಣ ಮನೆಗೆ ಬಂದು ಸೂಜಿಯಿಂದ ಚುಚ್ಚಿ ನೋಡಿದ. ರಕ್ತ ಬಂತು, ನೋವು ಬರಲಿಲ್ಲ.

ಅವನಿಗೆ ಹೆದರಿಕೆಯಾದದ್ದು ರೋಗಕ್ಕಲ್ಲ. ದಲಾಲನ ಬೆರಳಿಗೆ ಜೋಮು ಹಿಡಿದಿದೆ ಎಂದು ಸಂತೆಗೆ ಗೊತ್ತಾದರೆ ಮರುದಿನವೇ ಅವನ ಕೈಗೆ ಯಾರೂ ಕೈ ಕೊಡುವುದಿಲ್ಲ. ಕಿವುಡನ ಮುಂದೆ ಸಾಕ್ಷಿ ಹೇಳಿಸಿದ ಹಾಗೆ. ಸುರಪುರದ ಡಾಕ್ಟರರ ಹತ್ತಿರ ಹೋಗೋಣವೆಂದರೆ ಹೊರಗಿನ ಬೆಂಚಿನ ಮೇಲೆ ಯಾವಾಗ ನೋಡಿದರೂ ಮೂವರು ಕುರಿಯವರು ಕೂತಿರುತ್ತಾರೆ, ‘ಏನಾಗ್ಯಾದ ಅಂಬಣ್ಣ’ ಎಂದು ಕೇಳಲು. ಹಾಗಾಗಿ ಅವನು ಲೋಕದಲ್ಲಿ ಯಾರ ಬೆಂಚಿನ ಮೇಲೂ ಕೂರದ, ಯಾರಿಗೂ ಏನೂ ಹೇಳದ ಒಂದೇ ಜೀವವನ್ನು ಕೇಳಿದ. ಟವೆಲ್ ಹೊದ್ದು ಫೋನಿನಲ್ಲಿ ಎಡಗೈಯ ಒಂದೇ ಬೆರಳಿನಿಂದ ಒತ್ತೊತ್ತಿ ಬರೆದ: ಕಿರುಬೆರಳು ಜೋಮು ಹಿಡಿದರೆ ಏನು ಮಾಡಬೇಕು.

ಫೋನಿಗೆ ಬಹಳ ಖುಷಿಯಾದಂತೆ ಕಂಡಿತು. ಪುಟದ ಮೇಲೆ ಪುಟ ತೆರೆಯಿತು. ಪ್ರತಿ ಪುಟದ ಬಾಗಿಲಲ್ಲೂ ಒಂದು ದೊಡ್ಡ ಬರಹ, ಕೆಳಗೆ ‘ಒಪ್ಪಿಗೆ’ ಎಂಬ ಗುಂಡಿ. ಒಂದು ಟಗರಿಗೆ ತಲೆಯಾಡಿಸುವ ಮುಂಚೆ ಅದರ ಹಲ್ಲು, ಗೊರಸು, ಬಾಲದ ಬುಡ ಎಲ್ಲ ನೋಡುವ ಅಂಬಣ್ಣ ಇಲ್ಲಿ ಒಂದನ್ನೂ ಓದದೆ ಒಪ್ಪಿಗೆ, ಒಪ್ಪಿಗೆ, ಒಪ್ಪಿಗೆ ಎಂದು ಒತ್ತುತ್ತಾ ಹೋದ. ಅವನನ್ನು ಅನ್ನುವುದೇನು, ಕನ್ನಡಕ ಹಾಕಿಕೊಂಡು ನಾಲ್ಕಕ್ಷರ ಬರೆದು ಬದುಕುವ ನಮ್ಮಂಥವರೂ ಅದನ್ನು ಇವತ್ತಿನವರೆಗೆ ಓದಿದ್ದಿಲ್ಲ. ಅದರಲ್ಲಿ ಮನೆ-ಹೊಲ ಬರೆಸಿಕೊಂಡಿದ್ದರೂ ನಮಗೆ ಗೊತ್ತಾಗುವುದು ಜಪ್ತಿಯ ದಿನವೇ.

ಎರಡು ದಿನಕ್ಕೆ ಫೋನಿನಲ್ಲಿ ಎಣ್ಣೆಯ ಬಾಟಲಿ ಕಾಣಿಸಿಕೊಂಡಿತು. ನರದ ಎಣ್ಣೆ. ಹವಾಮಾನ ನೋಡಿದರೆ ಎಣ್ಣೆ, ವಚನ ಕೇಳಿದರೆ ನಡುವೆ ಎಣ್ಣೆ. ಅಂಬಣ್ಣ ಮೊದಲು ಇದನ್ನು ದೇವರ ದಯೆ ಅಂದುಕೊಂಡ. ಆಮೇಲೆ ಶಹಾಪುರದ ಸಂತೆಯಲ್ಲಿ ಒಂದು ವಿಚಿತ್ರ ನೋಡಿದ. ಚಹಾದಂಗಡಿಯ ಬೆಂಚಿನ ಮೇಲೆ ನಾಲ್ವರು ದಲಾಲರು ಸಾಲಾಗಿ ಕೂತು ತಮ್ಮ ತಮ್ಮ ಬೆರಳನ್ನು ಹಿಂಡಿಕೊಳ್ಳುತ್ತಿದ್ದರು.

“ಏನೋ ಮಾರಾಯಾ, ಫೋನ್ ತಗದ್ರ ಜೋಮು, ಜೋಮು, ಜೋಮು,” ಅಂದ ಒಬ್ಬ. “ನನಗಂತೂ ನಿನ್ನಿಯಿಂದ ಬೆರಳ ಹಗುರ ಆದಂಗ ಆಗ್ಯಾವ.”

“ನನಗ ಕಾಲಾಗ ಬಂದದ,” ಅಂದ ಇನ್ನೊಬ್ಬ.

“ಸರಕಾರದ ಸ್ಕೀಮ್ ಇರಬೇಕು ತಗೋ,” ಅಂದ ಮೂರನೆಯವನು.

ವೆಂಕಪ್ಪ ಒಬ್ಬನೇ ಬೆರಳು ಹಿಂಡಿಕೊಳ್ಳಲಿಲ್ಲ. ಅವನು ಲೋಟ ಹಿಡಿದಿದ್ದ ಅಂಬಣ್ಣನ ಕೈಯನ್ನು ನೋಡುತ್ತಿದ್ದ. ಅಂಬಣ್ಣ ಲೋಟವನ್ನು ಎಡಗೈಗೆ ಬದಲಾಯಿಸಿದ. ಇಬ್ಬರೂ ಬಿಸಿಲಿನ ಬಗ್ಗೆ ಮಾತಾಡಿದರು.

ಅದರ ಮುಂದಿನ ಸಂತೆಗೆ ಸಾಯಬಮ್ಮ ತನ್ನ ಆರು ಟಗರು ಹೊಡೆದುಕೊಂಡು ಬಂದಳು. ರಾಮಸಮುದ್ರದ ಕಡೆಯ ಹೆಂಗಸು, ಗಂಡ ತೀರಿದ ಮೇಲೆ ಹಿಂಡನ್ನು ತಾನೇ ಕಾಯುತ್ತಿದ್ದಳು. ಅಷ್ಟು ದೂರದಿಂದ ಅವಳು ಬರುವುದು ಅಂಬಣ್ಣನ ಕೈಯನ್ನು ನಂಬಿ. ವೆಂಕಪ್ಪ ಟವೆಲ್ ಹಾಸಿದ. ಬೆರಳುಗಳು ಮಾತಾಡಿದವು. ಸರಿಯಾದ ಬೆಲೆ ಬಂತು, ಅಂಬಣ್ಣ ತಲೆಯಾಡಿಸಿದ. ವೆಂಕಪ್ಪ ಟವೆಲ್ ಕೊಡವಿ ಹೈದರಾಬಾದಿನವನ ಕಿವಿಯಲ್ಲಿ ಬೆಲೆ ಹೇಳಿ ದುಡ್ಡು ಎಣಿಸಿ ಕೊಡಿಸಿದಾಗ, ಟಗರಿಗೆ ಐನೂರರಂತೆ ಕಡಿಮೆ ಇತ್ತು.

“ಇದಲ್ಲಲ್ಲೋ ವೆಂಕಪ್ಪ.”

“ಗೆಣ್ಣು ಒತ್ತೀನಿ, ನೀ ತಲಿ ಅಳ್ಳಾಡಿಸಿದಿ,” ಅಂದ ವೆಂಕಪ್ಪ ಮೆತ್ತಗೆ. “ಗೊತ್ತಾಗ್ಲಿಲ್ಲೇನು?”

ಗೊತ್ತಾಗಲಿಲ್ಲ ಅಂದರೆ ಬೆರಳಿನ ಕಥೆ ಹೇಳಬೇಕು. ಗೊತ್ತಾಯಿತು ಅಂದರೆ ಒಪ್ಪಿದಂತೆ. ಅಂಬಣ್ಣ ಬಾಯಿ ಮುಚ್ಚಿದ. ತಪ್ಪು ತನ್ನ ಬೆರಳಿನದು, ಪಾಪ ವೆಂಕಪ್ಪ ರೂಢಿಯಂತೆ ಒತ್ತಿದ್ದಾನೆ ಎಂದುಕೊಂಡ. ಸಾಯಬಮ್ಮನಿಗೆ ಕಡಿಮೆ ಬಿದ್ದುದನ್ನು ತನ್ನ ಜೇಬಿನಿಂದ ಸೇರಿಸಿದ. ಅವಳು ಅವನ ಮುಖ ನೋಡಿದಳು, ಏನೂ ಕೇಳದೆ ಸೆರಗಿನಲ್ಲಿ ಕಟ್ಟಿಕೊಂಡಳು.

ಮುಂದಿನ ಸಂತೆಯಲ್ಲಿ ಮತ್ತೆ ಹಾಗೇ ಆಯಿತು. ಅದರ ಮುಂದಿನದರಲ್ಲೂ. ಮೂರನೆಯ ಸಲ ವೆಂಕಪ್ಪ ಅವನ ಹೆಗಲ ಮೇಲೆ ಕೈಯಿಟ್ಟು, “ವಯಸ್ಸಾಗ್ತದ ಅಂಬಣ್ಣ, ನಿದ್ದಿ ಬರಾಬರ್ ಮಾಡು,” ಅಂದ. ಅಂಬಣ್ಣನಿಗೆ ಆ ಮಾತಿನಿಂದ ಸಮಾಧಾನವಾಯಿತು. ಇಂಥ ಗೆಳೆಯನಿಗೂ ಹೇಳದೆ ಮುಚ್ಚಿಡುತ್ತಿದ್ದೇನಲ್ಲ ಎಂದು ಮನಸ್ಸಿಗೆ ಕಸಿವಿಸಿಯೂ ಆಯಿತು. ಮನೆಗೆ ಬಂದವನೇ ಟವೆಲ್ ಹೊದ್ದು ಇನ್ನಷ್ಟು ಹುಡುಕಿದ.

ಅವನನ್ನು ಆ ಟವೆಲ್ಲಿನಿಂದ ಹೊರಗೆಳೆದವಳು ಸೊಸೆ ನಂದಿನಿ. ಅವಳು ಪಂಚಾಯಿತಿಯ ಗ್ರಂಥಾಲಯ ನೋಡಿಕೊಳ್ಳುತ್ತಾಳೆ. ಅಲ್ಲಿಯ ಎರಡು ಕಂಪ್ಯೂಟರಿಗೂ ಅವಳೇ ದಿಕ್ಕು. ಒಂದು ಮಧ್ಯಾಹ್ನ ಊಟಕ್ಕೆ ಬಂದವಳಿಗೆ ಟವೆಲ್ಲಿನ ಒಳಗಿಂದ ಮಾವನ ಗೊಣಗಾಟ ಕೇಳಿಸಿತು.

“ಮಾವಾ, ಏನಾಯ್ತ್ರಿ?”

“ಈ ಎಣ್ಣಿ ಬಾಟ್ಲಿ ಹೋಗವಲ್ದು ನೋಡವ್ವ. ಎಲ್ಲಿ ಒತ್ತಿದ್ರೂ ಇದ ಬರ್ತದ.”

ನಂದಿನಿ ಫೋನ್ ತೆಗೆದುಕೊಂಡು ನೋಡಿದಳು. “ನರದ ಎಣ್ಣಿ ಯಾಕ ಬರಾಕತ್ತಾದ್ರಿ? ನೀವು ಏನ ಹುಡುಕೀರಿ?”

ಅಂಬಣ್ಣ ಗೋಡೆ ನೋಡಿದ. ಆಮೇಲೆ ಬಲಗೈ ಮುಂದೆ ಮಾಡಿ, ಕಿರುಬೆರಳನ್ನು ತಾನೇ ಹಿಡಿದು ಹಿಂದಕ್ಕೆ ಬಗ್ಗಿಸಿ, “ಇದು ನಂದಲ್ಲ ಅನಸ್ತದ,” ಅಂದ. ಯಾರಿಗಾದರೂ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. “ಯಾರಿಗೂ ಹೇಳಬ್ಯಾಡ. ನಿಮ್ಮತ್ತಿಗೂ. ನಾ ಫೋನಿನ್ಯಾಗ ಸುದ್ದಾ ಟವೆಲ್ ಹಾಕ್ಕೊಂಡ ಕೇಳೀನಿ.”

ನಂದಿನಿ ನಗಲಿಲ್ಲ. ಅವಳ ಮೇಲಿನ ಗೌರವಕ್ಕೆ ಈ ಮಾತನ್ನು ಇಲ್ಲಿ ಬರೆಯಲೇಬೇಕು, ಏಕೆಂದರೆ ನಾವಾಗಿದ್ದರೆ ನಕ್ಕುಬಿಡುತ್ತಿದ್ದೆವು.

“ಮಾವಾ, ಟವೆಲ್ ಹಾಕಿದ್ರ ಬಾಜೂ ಕುಂತವರಿಗೆ ಕಾಣಂಗಿಲ್ಲ ಅಷ್ಟ. ನೀವು ಕೈ ಕೊಟ್ಟದ್ದು ಯಾರಿಗೆ? ಒಳಗ ಇದ್ದವನಿಗೇ ಅಲ್ಲೇನ್ರಿ? ಅವ ಎಲ್ಲಾ ಬರಕೋತಾನ. ಯಾವ ಪುಟಕ್ಕ ಹೋದ್ರಿ, ಎಷ್ಟು ಹೊತ್ತು ನಿಂತ್ರಿ, ಮತ್ತ ಯಾವಾಗ ಬಂದ್ರಿ. ಬರಕೊಂಡು ಎಣ್ಣಿ ಮಾರೋರಿಗೆ ಹೇಳ್ತಾನ.”

“ನಾ ಒಪ್ಪೀನೇನು ಅದಕ್ಕ?”

“ಒಪ್ಪಿಗಿ ಒತ್ತೀರಿಲ್ಲೋ?”

ಟವೆಲ್ಲಿನ ಕೆಳಗೆ ಒಪ್ಪಿದ್ದು ಒಪ್ಪಿದ್ದೇ. ಆ ಕಾನೂನು ಅಂಬಣ್ಣನಿಗೆ ಯಾರೂ ಕಲಿಸಬೇಕಿರಲಿಲ್ಲ.

“ಗುಪ್ತ ಕಿಟಕಿ ಅಂತ ಒಂದು ಇರ್ತದಂತಲ್ಲ. ಕುರಿ ಡಾಕ್ಟರು ಹೇಳ್ತಿದ್ರು.”

“ಅದೂ ಒಂದು ಟವೆಲ್ಲರಿ ಮಾವಾ. ನಿಮ್ಮ ಫೋನಿನ್ಯಾಗ ಗುರುತು ಉಳಿಯಂಗಿಲ್ಲ ಅಷ್ಟ. ಹೊರಗಿನ ಅಂಗಡಿಯವರಿಗೆ ಕಾಣೋದು ಕಾಣ್ತದ.”

ಹಾಗೆನ್ನುತ್ತಲೇ ಅವಳು ಹುಡುಕುವ ಜಾಗಕ್ಕೆ ಬೆರಳು ತಾಗಿಸಿ ‘ಕಿರು’ ಎಂದು ಬರೆದಳು, ಹಳೆಯ ಹುಡುಕಾಟಗಳನ್ನು ಅಳಿಸೋಣವೆಂದು. ಕೆಳಗೆ ಸಾಲುಗಳು ಇಳಿದು ಬಂದವು. ಕಿರುಬೆರಳು ಜೋಮು ಹಿಡಿದರೆ ಏನು ಮಾಡಬೇಕು. ಕಿರುಬೆರಳು ಜೋಮು ಸಕ್ಕರೆ ಕಾಯಿಲೆಯೇ. ಕಿರುಬೆರಳು ಜೋಮು ಅಬ್ಬೆತುಮಕೂರು ಮಠ ಔಷಧ. ನಾಲ್ಕನೆಯದು: ಕಿರುಬೆರಳು ಜೋಮು ಇದ್ದವರಿಗೆ ಒತ್ತಿದ್ರೆ ಗೊತ್ತಾಗ್ತದೇನು.

ನಂದಿನಿ ಅದನ್ನು ಓದಿ ಹೇಳಿದಳು.

“ಅದು ನಂದಲ್ಲ,” ಅಂದ ಅಂಬಣ್ಣ.

“ನಿಮ್ಮ ಫೋನಿನ್ಯಾಗ ಅದರಿ.”

“ಗೊತ್ತಾಗಂಗಿಲ್ಲಂತ ನನಗ ಗೊತ್ತದ. ನಾ ಯಾಕ ಫೋನಿಗೆ ಕೇಳ್ಲಿ?”

ನಂದಿನಿ ಬ್ರೌಸರಿನ ಇತಿಹಾಸದ ಪಟ್ಟಿ ತೆರೆದಳು. ಅಲ್ಲಿ ಅಂಬಣ್ಣ ಎಂದೂ ನೋಡದ ಪುಟಗಳ ಸಂತೆಯೇ ನೆರೆದಿತ್ತು. ಹಳೆಯ ಟ್ರ್ಯಾಕ್ಟರ್ ಬೆಲೆ, ಕೂದಲಿಗೆ ಕಪ್ಪು ಬಣ್ಣ, ಪಡಿತರ ಚೀಟಿಯಲ್ಲಿ ಹೆಸರು ತೆಗೆಸುವುದು ಹೇಗೆ, ಎರಡನೆಯ ಮದುವೆಗೆ ವಧು. ಪಕ್ಕದ ‘ಬೇರೆ ಫೋನುಗಳು’ ಎಂಬಲ್ಲಿ ಹೆಸರುಗಳ ಉದ್ದ ಸಾಲು. ಆ ಸಾಲಿನ ನಡುವೆ ‘ವೆಂಕಪ್ಪ ದಲಾಲ’ ಎಂದಿತ್ತು. ಅದರ ಕೆಳಗೆ ನಾಲ್ಕನೆಯ ಪ್ರಶ್ನೆಯ ಪುಟ, ಇನ್ನೂ ಮುಚ್ಚದೆ. ತಾರೀಖು ಸಾಯಬಮ್ಮನ ಟಗರು ಮಾರಿದ ಸಂತೆಯ ಹಿಂದಿನ ದಿನದ್ದು.

ಅಂಬಣ್ಣ ಆ ಹೆಸರನ್ನು ಎರಡು ಸಲ ಓದಿದ.

“ಅವನ ಬೆರಳಿಗೂ ಜೋಮು ಹಿಡದಿರಬೇಕು,” ಅಂದ. “ಪಾಪ, ಅವನೂ ಹೇಳಿಕೊಂಡಿಲ್ಲ.”

“‘ನನಗ’ ಅಂತ ಕೇಳಿಲ್ರಿ ಮಾವಾ. ‘ಇದ್ದವರಿಗೆ’ ಅಂತ ಕೇಳ್ಯಾನ.”

ರೇಣಮ್ಮ ಒಳಗಿನಿಂದ ರೊಟ್ಟಿ ಆರುತ್ತವೆ ಬರ್ರಿ ಎಂದು ಕೂಗಿದಳು. ಅಂಬಣ್ಣ ಏಳಲಿಲ್ಲ. ಅವನು ಬಲಗೈಯನ್ನು ತೊಡೆಯ ಮೇಲಿಟ್ಟು ಎಡಗೈಯಿಂದ ಅದರ ಕಿರುಬೆರಳಿನ ಗೆಣ್ಣು ಒತ್ತುತ್ತಿದ್ದ. ಒತ್ತಿದ್ದು ಎಡಗೈಗೆ ಮಾತ್ರ ಗೊತ್ತಾಗುತ್ತಿತ್ತು. ಮೂರು ಸಂತೆ, ವೆಂಕಪ್ಪ ಹೀಗೇ ಒತ್ತಿ ಇವನ ಮುಖ ನೋಡಿದ್ದಾನೆ. ಮುಖದಲ್ಲಿ ಏನೂ ಕಾಣದಾಗ ಇನ್ನೊಮ್ಮೆ ಒತ್ತಿದ್ದಾನೆ. ಹಾಗೆ ಒತ್ತುತ್ತಲೇ ಬಾಯಲ್ಲಿ ‘ಮಳಿ ಹ್ಯಾಂಗದ’ ಎಂದು ಕೇಳಿದ್ದಾನೆ. ಅಂಬಣ್ಣನಿಗೆ ಎಲ್ಲಕ್ಕಿಂತ ಹೆಚ್ಚು ನೆನಪಾದದ್ದು ಆ ಮಳೆಯ ಮಾತು. ಅದಕ್ಕೆ ತಾನು ಎಷ್ಟು ವಿವರವಾಗಿ ಉತ್ತರ ಕೊಟ್ಟಿದ್ದೆ ಎಂಬುದು.

ಸಂಜೆ ಮಾವ, ಸೊಸೆ ಇಬ್ಬರೂ ಸುರಪುರದಲ್ಲಿ ಸರದಾರಸಾಬನ ಮೊಬೈಲ್ ಅಂಗಡಿಗೆ ಹೋದರು. ಸಂತೆಯ ದಲಾಲರಿಗೆಲ್ಲ ಫೋನ್ ಕೊಟ್ಟು, ಬೇಕಾದ್ದನ್ನು ಹಾಕಿಕೊಟ್ಟವನು ಅವನೇ. ಒಳ್ಳೆಯ ಮನುಷ್ಯ. ಗಾಜು ಒಡೆದ ಫೋನ್ ತಂದವರನ್ನು ಮೊದಲು ಕೂಡಿಸಿ ನೀರು ಕೊಡುತ್ತಿದ್ದ.

“ಸಾಬ, ಎಲ್ಲಾರ ಫೋನಿಗೂ ಒಂದ ಖಾತಿ ಹಾಕೀಯೇನು?” ನಂದಿನಿ ದಾರಿಯಲ್ಲಿ ಹೇಳಿಕೊಟ್ಟಂತೆ ಅಂಬಣ್ಣ ಕೇಳಿದ.

“ಹೌದು ಕಾಕಾ, ನಂದೇ. ನಲವತ್ತು ಫೋನದಾವ,” ಅಂದ ಸರದಾರಸಾಬ ಹೆಮ್ಮೆಯಿಂದ. “ಮೊದಲ ಎಲ್ಲಾರಿಗೂ ಬ್ಯಾರೆ ಬ್ಯಾರೆ ಮಾಡಿಕೊಟ್ಟೆ. ಮೂರು ದಿನಕ್ಕ ಪಾಸ್‌ವರ್ಡ್ ಮರತು ಬರ್ತಿದ್ರು. ವೆಂಕಪ್ಪ ಕಾಕಾ ತನ್ನ ಎಮ್ಮಿ ಹೆಸರಿಟ್ಟಿದ್ದ. ಎಮ್ಮಿ ಮಾರಿದ ಮ್ಯಾಲ, ಆ ಹೆಸರು ನನ್ನ ಬಾಯಾಗ ಬರಂಗಿಲ್ಲ ಸಾಬ, ದುಃಖ ಆಗ್ತದ ಅಂದ. ನೀವ ಗೋಡಿ ಮ್ಯಾಲ ಬರದಿದ್ರಿ, ಕಾಕಿ ಸುಣ್ಣ ಹೊಡದಳು. ಸಾಕಪ್ಪ ಅಂತ ಎಲ್ಲಾರಿಗೂ ನಂದ ಹಾಕಿ, ಗುರುತಿಗೆ ಅವರವರ ಹೆಸರು ಬರದೆ.”

“ಅಂದ್ರ ಒಬ್ಬರು ಹುಡುಕಿದ್ದು ನಲವತ್ತೂ ಮಂದಿಗೆ ಕಾಣ್ತದ,” ಅಂದಳು ನಂದಿನಿ.

ಸರದಾರಸಾಬನ ಮುಖದಲ್ಲಿದ್ದ ಹೆಮ್ಮೆ ನಿಧಾನಕ್ಕೆ ಇಳಿಯಿತು. “ನನ್ನ ಫೋನಿಗೂ ಬರ್ತಾವವ್ವಾ. ಯಾರಿಗೆ ಏನ್ ಬ್ಯಾನಿ, ಯಾರ ಮನ್ಯಾಗ ಏನ್ ನಡದದ, ಎಲ್ಲಾ. ಅದು ಕಂಪನಿಯವರು ಎಲ್ಲಾರಿಗೂ ಕಳಸ್ತಾರ ಅಂತ ತಿಳದಿದ್ದೆ. ಖುದಾ ಕಸಮ್ ಕಾಕಾ, ಒಬ್ಬರ ಮುಂದೂ ಬಾಯಿ ಬಿಟ್ಟಿಲ್ಲ.”

“ನೀ ಬಿಟ್ಟಿಲ್ಲ ಸಾಬ,” ಅಂದ ಅಂಬಣ್ಣ. “ನಿನಗ್ಯಾರ ಅಂದ್ರು?”

“ಈಗ ಅರ್ಧ ತಾಸಿನ್ಯಾಗ ನಿಮ್ಮದು ಬ್ಯಾರೆ ಮಾಡಿಕೊಡ್ತೀನಿ. ಕೊಡ್ರಿ ಫೋನ.”

ಅಂಬಣ್ಣ ಫೋನ್ ಮುಂದೆ ಚಾಚಿದವನು ಹಿಂದಕ್ಕೆ ತೆಗೆದುಕೊಂಡ. “ತಡಿ. ಒಂದು ಹುಡುಕೋದದ.”

ಅಂಗಡಿಯ ಮುಂದಿನ ಸ್ಟೂಲಿನ ಮೇಲೆ ಕೂತ. ಅಭ್ಯಾಸಬಲದಿಂದ ಎಡಗೈ ಹೆಗಲಿನ ಟವೆಲ್ಲಿಗೆ ಹೋಯಿತು. ಅಲ್ಲೇ ಸ್ವಲ್ಪ ಹೊತ್ತು ನಿಂತು, ಬರಿಗೈಯಾಗಿ ಕೆಳಗಿಳಿಯಿತು. ಒಂದೇ ಬೆರಳಿನಿಂದ ಅಕ್ಷರ ಹುಡುಕಿ ಹುಡುಕಿ ಬರೆಯತೊಡಗಿದ. ಬಂದು ಹೋಗುವವರು ಬಗ್ಗಿ ನೋಡಿದರೂ ಮುಚ್ಚಲಿಲ್ಲ. ನಂದಿನಿ ಹಿಂದಿನಿಂದ ಓದಿದಳು: ನನ್ನ ಬೆರಳಿಗೆ ಜೋಮು ಹಿಡದಿತ್ತು ವೆಂಕಪ್ಪ ನಿನಗೇನು ಹಿಡದಿತ್ತು.

“ಮಾವಾ, ಅದು ಅವನೊಬ್ಬನಿಗೇ ಹೋಗಂಗಿಲ್ರಿ. ನಲವತ್ತು ಮಂದಿಗೂ ನಿಮ್ಮ ಬೆರಳಿನ ಸುದ್ದಿ ಗೊತ್ತಾಗ್ತದ. ನಾಳಿಯಿಂದ ನಿಮ್ಮ ದಲಾಲಿ...”

“ಗೊತ್ತದವ್ವ.”

“ಬೇಕಾದ್ರ ಅವನ ಮನಿಗೆ ಹೋಗಿ ಕೇಳ್ರಿ.”

“ಬಾಯಿಲೆ ನಾವಿಬ್ಬರು ಮಳಿ ಬಿಟ್ಟು ಬ್ಯಾರೆ ಮಾತಾಡಿಲ್ಲ,” ಅಂದ ಅಂಬಣ್ಣ, ಒತ್ತಿಬಿಟ್ಟ.

ಫೋನು ಸ್ವಲ್ಪ ಹೊತ್ತು ಯೋಚಿಸಿ, ಹೊಂದುವ ಫಲಿತಾಂಶ ಯಾವುದೂ ಸಿಗಲಿಲ್ಲ ಅಂದಿತು. ಅದರ ಕೆಳಗೇ ಎಣ್ಣೆಯ ಬಾಟಲಿ.

ಸಂತೆಯ ದಿನದ ಹೊತ್ತಿಗೆ ಯಾರಿಗೂ ಏನೂ ಹೇಳುವ ಅಗತ್ಯವಿರಲಿಲ್ಲ. ನಲವತ್ತರಲ್ಲಿ ಯಾವ ಫೋನಿನಲ್ಲಾದರೂ ಹುಡುಕುವ ಜಾಗಕ್ಕೆ ಬೆರಳು ತಾಗಿಸಿದರೆ ಸಾಕು, ಆ ಸಾಲು ಎಲ್ಲಕ್ಕಿಂತ ಮೇಲೆ ಕೂತಿರುತ್ತಿತ್ತು. ಶಹಾಪುರದಲ್ಲಿ ಅಂಬಣ್ಣ ಬಸ್ಸಿಳಿದು ಬರುವಾಗ ಚಹಾದಂಗಡಿಯ ಬೆಂಚು ಅವನ ಕಡೆ ತಿರುಗಿತು. ನಾಲ್ವರೂ ಅವನ ಬಲಗೈ ನೋಡಿದರು. ತಮ್ಮ ಬೆರಳಿಗೆ ಏನೂ ಆಗಿಲ್ಲ ಎಂಬ ನೆಮ್ಮದಿಯೂ ಆ ನೋಟದಲ್ಲಿತ್ತು. ಆಮೇಲೆ ಆಚೆ ಬೇವಿನ ಗಿಡದ ಕೆಳಗೆ ನಿಂತಿದ್ದ ವೆಂಕಪ್ಪನನ್ನು ನೋಡಿದರು.

“ಏನ ವೆಂಕಪ್ಪಣ್ಣ,” ಒಬ್ಬ ಕೂಗಿದ, “ನಿನಗೇನು ಹಿಡದಿತ್ತು?”

ಯಾರೋ ನಕ್ಕರು. ವೆಂಕಪ್ಪ ತಲೆಯೆತ್ತಲಿಲ್ಲ.

ಸಾಯಬಮ್ಮ ಎರಡು ಹೋತ ಹೊಡೆದುಕೊಂಡು ಬಂದಿದ್ದಳು. ಅಂಬಣ್ಣ ಅವಳ ಹತ್ತಿರ ಹೋಗಿ, “ಬ್ಯಾರೆಯವರ ಕೈಲೆ ಮಾರಸವ್ವ. ನನ್ನ ಬೆರಳಿಗೆ ಜೋಮು ಹಿಡದದ,” ಅಂದ.

“ಗೊತ್ತದ ತಗೋ ಅಣ್ಣಾ. ಹೋದ ಹಬ್ಬಕ್ಕ ನಮ್ಮ ಮನ್ಯಾಗ ಉಂಡಾಗ ರೊಟ್ಟಿ ಮುರಿಲಿಕ್ಕ ಮೂರ ಬೆರಳ ಹಚ್ಚಿದ್ದಿ.”

“ಮತ್ತ ಕೇಳಲಿಲ್ಲಲ್ಲ?”

“ನೀ ಮುಚ್ಚಿಟ್ಟಿದ್ದಿ. ನಾ ಹ್ಯಾಂಗ ಕೇಳ್ಲಿ?” ಅವಳು ಹೋತದ ಹಗ್ಗವನ್ನು ಅವನ ಎಡಗೈಗೆ ಕೊಟ್ಟಳು. “ಎಷ್ಟು ಹೇಳಬೇಕು ಬಾಯಿಲೆ ಹೇಳು. ನನ್ನ ಹೋತದ ಬೆಲಿ ಹತ್ತು ಮಂದಿ ಕೇಳಿದ್ರ ಅದರ ಕೊಂಬೇನು ಉದರಂಗಿಲ್ಲ.”

ಅಂಬಣ್ಣ ಬಾಯಿ ತೆರೆದ. ಮೂವತ್ತೆಂಟು ವರ್ಷದಲ್ಲಿ ಸಂತೆಯ ನಡುವೆ ಒಂದು ಬೆಲೆಯನ್ನು ಅವನು ಜೋರಾಗಿ ಹೇಳಿದ್ದಿಲ್ಲ. ಮೊದಲ ಸಲ ಗಂಟಲಿನಿಂದ ಹೊರಟಿದ್ದು ಬರೀ ಗಾಳಿ. ಎರಡನೆಯ ಸಲ ಬೆಲೆ ಹೊರಬಿತ್ತು. ಸಂತೆಯೇ ತಿರುಗಿ ನೋಡಿತು, ಯಾರೋ ಬೈಗುಳ ಬೈದ ಹಾಗೆ. ಎಲ್ಲರೆದುರಿಗೆ ಪಂಚೆ ಬಿಚ್ಚಿದ್ದರೂ ಅವನಿಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ.

ಆಗ ವೆಂಕಪ್ಪ ಬೇವಿನ ನೆರಳು ಬಿಟ್ಟು ಬಂದ. ಬಂದು ಎದುರಿಗೆ ನಿಂತು, ಕೈ ಮುಂದೆ ಚಾಚಿ ಅದರ ಮೇಲೆ ಟವೆಲ್ ಹಾಕಿದ. ಅಂಬಣ್ಣನಿಗೆ ಆ ಟವೆಲ್ಲೂ ಗೊತ್ತಿತ್ತು. ಅದರ ಅಂಚು ಎಲ್ಲಿ ಹರಿದಿದೆ ಎಂಬುದೂ. ಕೊಡಬಾರದು ಎಂದುಕೊಂಡ. ಆದರೆ ಇಪ್ಪತ್ತಾರು ವರ್ಷದ ಕೈ, ಹಟ್ಟಿಗೆ ತಿರುಗಿದ ಕುರಿಯಂತೆ, ತಾನೇ ಒಳಗೆ ಹೋಯಿತು.

ವೆಂಕಪ್ಪ ಆ ಕೈ ಹಿಡಿದುಕೊಂಡ. ಅವನ ಅಂಗೈ ತಣ್ಣಗೆ ಬೆವರಿತ್ತು, ತಾಯಿ ತೀರಿದ ವಾರ ಬೆವರಿದ್ದ ಹಾಗೆಯೇ. ಮಳೆಯ ವಿಷಯ ಕೇಳಲಿಲ್ಲ. ಟವೆಲ್ಲಿನ ಕೆಳಗೆ ಏನೋ ನಡೆಯುತ್ತಿತ್ತು. ಬಟ್ಟೆ ಮೆಲ್ಲಗೆ ಅಲುಗುತ್ತಿದ್ದುದು ಅಂಬಣ್ಣನಿಗೆ ಕಾಣಿಸುತ್ತಿತ್ತು. ಹೆಬ್ಬೆರಳಿಗೆ ಏನೂ ತಾಗಲಿಲ್ಲ. ತೋರುಬೆರಳಿಗೂ ನಡುಬೆರಳಿಗೂ ತಾಗಲಿಲ್ಲ. ಉಳಿದ ಎರಡು ಬೆರಳುಗಳಿಗೆ ವೆಂಕಪ್ಪ ಹೇಳಬೇಕಾದ್ದನ್ನೆಲ್ಲ ಹೇಳುತ್ತಿದ್ದಿರಬೇಕು. ತಪ್ಪಾಯಿತು ಅಂದನೋ, ಇನ್ನೂ ಐನೂರು ಇಳಿಸು ಅಂದನೋ.

“ಬಾಯಿಲೆ ಹೇಳು ವೆಂಕಪ್ಪ, ಅಲ್ಲಿ ಕೇಳಸಂಗಿಲ್ಲ,” ಅಂದ ಅಂಬಣ್ಣ.

ವೆಂಕಪ್ಪನ ಬಾಯಿ ಅಲುಗಿತು. ಅವನಿಗೂ ಅಭ್ಯಾಸವಿರಲಿಲ್ಲ. ಬೆಂಚಿನವರೆಲ್ಲ ಕುತ್ತಿಗೆ ಉದ್ದ ಮಾಡಿದ್ದರು. ಕೊನೆಗೆ ಅವನು ಕೈ ಬಿಟ್ಟು, ಟವೆಲ್ ಮಡಚಿ ಹೆಗಲಿಗೆ ಹಾಕಿಕೊಂಡು ಹೈದರಾಬಾದಿನವರ ಲಾರಿಯ ಕಡೆ ನಡೆದುಬಿಟ್ಟ.

ಈಗ ಅಂಬಣ್ಣ ಸಂತೆಯಲ್ಲಿ ಕುರಿಗಳ ಬಾಯಿ ತೆರೆದು ಹಲ್ಲು ನೋಡಿ ವಯಸ್ಸು ಹೇಳುತ್ತಾನೆ. ಆ ಕೆಲಸಕ್ಕೆ ಎರಡು ಕಣ್ಣು, ಒಂದು ಹೆಬ್ಬೆರಳು ಸಾಕು. ಯಾದಗಿರಿಯ ಡಾಕ್ಟರರು ಸಕ್ಕರೆ ಅಂದಿದ್ದಾರೆ. ಚಹಾ ಸಪ್ಪಗಾಗಿದೆ. ಸಾಯಬಮ್ಮನಂಥ ಇಬ್ಬರು ಮೂವರು ಇನ್ನೂ ಬಾಯಿಮಾತಿನಲ್ಲೇ ಅವನಿಂದ ಮಾರಿಸುತ್ತಾರೆ. ಉಳಿದವರು ಅವನನ್ನು ಮರ್ಯಾದೆಯಿಂದ ಮಾತಾಡಿಸಿ, ಕೈಯನ್ನು ಬೇರೆಯವರಿಗೆ ಕೊಡುತ್ತಾರೆ. ಸರದಾರಸಾಬ ಖಾತೆ ಬದಲಿಸಿಕೊಟ್ಟ. ನಂದಿನಿ ಹಳೆಯದನ್ನೆಲ್ಲ ಅಳಿಸಿ, ಒಪ್ಪಿಗೆ ಕೇಳಿದಲ್ಲಿ ಒಲ್ಲೆ ಅನ್ನುವ ಗುಂಡಿ ಎಲ್ಲಿ ಅಡಗಿರುತ್ತದೆ ಎಂದು ತೋರಿಸಿಕೊಟ್ಟಳು. ಆದರೂ ಎಣ್ಣೆಯ ಬಾಟಲಿ ಎಲ್ಲಿಂದಲೋ ದಾರಿ ಹುಡುಕಿಕೊಂಡು ಬರುತ್ತದೆ. ದಿನಾ ಬೆಳಿಗ್ಗೆ ಫೋನ್ ತೆಗೆದರೆ, ನಿಮ್ಮ ಬೆರಳು ಈಗ ಹೇಗಿವೆ ಎಂದು ದೊಡ್ಡ ಅಕ್ಷರದಲ್ಲಿ ಕೇಳುತ್ತದೆ.

ವೆಂಕಪ್ಪ ಇನ್ನೂ ಕೇಳಿಲ್ಲ.